ಕಲಿಕಾ ತಾಣದಲ್ಲಿ ಕನ್ನಡ ಕೆಟ್ಟಾಗ: ಪತ್ತೆಯಿಂದ ದುರಸ್ತಿಯವರೆಗೆ

ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಕಾಲೇಜುಗಳಲ್ಲಿ ಮೂಡಲ್ ಎಂಬ ಕಲಿಕಾ ತಾಣದ ತಂತ್ರಾಂಶ ನೋಡಿಕೊಳ್ಳುವ ಉಪನ್ಯಾಸಕರು ಮತ್ತು ಲ್ಯಾಬ್ ಸಹಾಯಕರು ಪ್ರವೇಶಾತಿ ಮುಗಿಯುತ್ತಿದ್ದಂತೆ ಹೇಳುವ ದೂರುಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಕಚೇರಿಯ ಪಟ್ಟಿಯಲ್ಲಿ ಸರಿಯಾಗಿದ್ದ ಹೆಸರುಗಳು ತಾಣಕ್ಕೆ ಏರಿಸಿದ ಮೇಲೆ ಪ್ರಶ್ನಾರ್ಥಕ ಚಿಹ್ನೆಗಳಾಗಿವೆ. ಅಂಟಿಸಿದ ಪಾಠ ಗೊಜಲಾಗಿದೆ. ಕಿರು ಉತ್ತರದ ಪ್ರಶ್ನೆಗೆ ಸರಿಯಾಗಿ ಬರೆದವರಿಗೂ ಸೊನ್ನೆ ಬಿದ್ದಿದೆ. ಆಗ ಬಹುತೇಕರು ಮೊದಲು ಫಾಂಟು ಬದಲಿಸುತ್ತಾರೆ, ಆಮೇಲೆ ಅದೇ ಫೈಲನ್ನು ಮತ್ತೆ ಏರಿಸುತ್ತಾರೆ, ಕೊನೆಗೆ ಸರ್ವರಿನವರನ್ನು ಬೈಯುತ್ತಾರೆ. ಫಾಂಟಿನ ತಪ್ಪು ಇರುವುದು ಅಪರೂಪ. ಮತ್ತೆ ಏರಿಸುವುದಂತೂ ಇದ್ದ ದಾಖಲೆಯನ್ನೂ ಕೆಡಿಸುತ್ತದೆ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಎರಡನೆಯ ಹಂತ ಬಿಟ್ಟು ಐದಕ್ಕೆ ಹಾರುವವರೇ ಹೆಚ್ಚು, ಸೋಲುವವರೂ ಅವರೇ. ಉದಾಹರಣೆಗಳು ಮೂಡಲ್‌ನವು, ಬೇರೆ ವೇದಿಕೆಗಳಲ್ಲಿ ಮೆನುವಿನ ಹೆಸರು ಬದಲಾದೀತು, ತೊಂದರೆಯ ಮೂಲ ಬದಲಾಗದು.

## ಕೈಗೆ ಸಿಗುವಂತೆ ಇರಬೇಕಾದವು

ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಎಂಬ ಉಚಿತ ಸಂಪಾದಕ, ಲಿಬ್ರೆ ಆಫೀಸ್‌ನ ಕ್ಯಾಲ್ಕ್ ಅಥವಾ ಗೂಗಲ್ ಶೀಟ್ಸ್, ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಪಠ್ಯವನ್ನು ಯೂನಿಕೋಡ್‌ಗೆ, ಅಂದರೆ ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಕೇತ ಕೊಡುವ ಜಾಗತಿಕ ಪದ್ಧತಿಗೆ, ಬದಲಿಸುವ ಒಂದು ಪರಿವರ್ತಕ. ಡೇಟಾಬೇಸ್ ಮುಟ್ಟಬೇಕಾದರೆ ಸರ್ವರಿನ ಆಡಳಿತಗಾರರ ಅನುಮತಿ ಮತ್ತು ಪೂರ್ಣ ಬ್ಯಾಕಪ್.

ಇವುಗಳ ಜೊತೆಗೆ ಒಂದು ಪರೀಕ್ಷಾ ಸಾಲನ್ನು ಬರೆದಿಟ್ಟುಕೊಳ್ಳಿ:

ಶೃಂಗೇರಿ ಸೂರ್ಯ ಹೊಳೆನರಸೀಪುರ ಮುಳ್ಳಯ್ಯನಗಿರಿ ಲ್ಯಾಪ್‌ಟಾಪ್ ₹

ಇದರಲ್ಲಿ ಋತ್ವ, ಅನುಸ್ವಾರ, ಅರ್ಕಾವತ್ತು, ಒತ್ತಕ್ಷರ, ಎರಡು ತುಂಡಿನ ಸ್ವರಚಿಹ್ನೆ, ಕಣ್ಣಿಗೆ ಕಾಣದ ಒಂದು ಬಿಡಿಸುವ ಗುರುತು, ರೂಪಾಯಿ ಚಿಹ್ನೆ ಎಲ್ಲವೂ ಇವೆ. ಕೊನೆಯಲ್ಲಿ ಒಂದು ಎಮೋಜಿಯನ್ನೂ ಸೇರಿಸಿಕೊಳ್ಳಿ, ಅದು ಏಳನೆಯ ಹಂತಕ್ಕೆ ಬೇಕು. ‘ಕಮಲ’, ‘ಬಸವ’ ಎಂದು ಹಾಕಿ ಪರೀಕ್ಷೆ ಮಾಡಿದರೆ ಎಲ್ಲವೂ ಸರಿಯಿದ್ದಂತೆ ಕಾಣುತ್ತದೆ.

## ಹಂತ 1: ಕೈ ತಡೆಯಿರಿ

ಕೆಟ್ಟ ಅಕ್ಷರ ಕಂಡ ಪುಟದಲ್ಲಿ ‘ಸೇವ್’ ಒತ್ತಬೇಡಿ. ನೋಡಲು ಮಾತ್ರ ಕೆಟ್ಟಿದ್ದು ಡೇಟಾಬೇಸ್‌ನಲ್ಲಿ ಸರಿಯಾಗಿಯೇ ಇದ್ದರೆ, ನೀವು ಉಳಿಸಿದ ಆ ಕ್ಷಣದಲ್ಲಿ ಗೊಜಲೇ ಮೂಲವಾಗುತ್ತದೆ.

ಕಚೇರಿಯಿಂದ ಬಂದ ಮೂಲ ಫೈಲನ್ನು ತೆರೆಯದೆ ಬೇರೊಂದು ಫೋಲ್ಡರಿಗೆ ನಕಲು ಮಾಡಿ, ನಕಲನ್ನು ಓದಲು ಮಾತ್ರ ಎಂದು ಗುರುತಿಸಿ. ತೆರೆಯದೆ ಎಂಬ ಮಾತನ್ನು ಗಟ್ಟಿಯಾಗಿ ಹಿಡಿಯಿರಿ. ‘ಸುಮ್ಮನೆ ನೋಡಿದೆ ಅಷ್ಟೇ’ ಎಂದವರ ಎಕ್ಸೆಲ್ ಮುಚ್ಚುವಾಗ ಉಳಿಸಬೇಕೇ ಎಂದು ಕೇಳಿರುತ್ತದೆ, ಅವರು ಹೂಂ ಎಂದಿರುತ್ತಾರೆ.

## ಹಂತ 2: ಕೆಟ್ಟ ರೂಪವನ್ನು ಓದಿ

ಎನ್‌ಕೋಡಿಂಗ್ ಎಂದರೆ ಯಾವ ಅಕ್ಷರಕ್ಕೆ ಯಾವ ಬೈಟುಗಳು, ಅಂದರೆ ಕಂಪ್ಯೂಟರ್ ಉಳಿಸುವ ಯಾವ ಸಂಖ್ಯೆಗಳು, ಎಂಬ ಒಪ್ಪಂದ. ಬರೆದವರ ಒಪ್ಪಂದ ಒಂದು, ಓದಿದವರದ್ದು ಇನ್ನೊಂದು ಆದಾಗ ಗೊಜಲು ಹುಟ್ಟುತ್ತದೆ. ಗೊಜಲಿನ ಆಕಾರ ನೋಡಿದರೆ ಎಲ್ಲಿ ತಪ್ಪಿತು ಎಂಬುದು ಬಹುಪಾಲು ತಿಳಿಯುತ್ತದೆ.

‘ಹಾಸನ’ ಎಂಬ ಪದವನ್ನೇ ತೆಗೆದುಕೊಳ್ಳಿ. ಕಣ್ಣಿಗೆ ಮೂರು ಅಕ್ಷರ. ಯೂನಿಕೋಡ್‌ನಲ್ಲಿ ನಾಲ್ಕು: ಹ, ದೀರ್ಘದ ಚಿಹ್ನೆ, ಸ, ನ. ಯೂನಿಕೋಡನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಎಂಬ ಎನ್‌ಕೋಡಿಂಗ್‌ನಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟು, ಹಾಗಾಗಿ ಒಟ್ಟು ಹನ್ನೆರಡು. ಈ ಮೂರು ಸಂಖ್ಯೆಗಳು ನೆನಪಿರಲಿ.

ನಾಲ್ಕು ಪ್ರಶ್ನಾರ್ಥಕ ಚಿಹ್ನೆ. ಕನ್ನಡವೇ ಇಲ್ಲದ ಹಳೆಯ ಎನ್‌ಕೋಡಿಂಗ್‌ನಲ್ಲಿ ಯಾರೋ ಉಳಿಸಿದ್ದಾರೆ. ಪ್ರತಿ ಸಂಕೇತದ ಜಾಗದಲ್ಲೂ ಒಂದೊಂದು ಪ್ರಶ್ನಾರ್ಥಕ ಚಿಹ್ನೆ ಕುಳಿತಿದೆ, ಮೂಲ ಅಳಿದುಹೋಗಿದೆ. ಯಾವ ತಂತ್ರಾಂಶವೂ ಇದನ್ನು ಮರಳಿ ತರದು. ಮೂಲ ಫೈಲಿಗೆ ಹೋಗಿ ಐದನೆಯ ಹಂತದಿಂದ ಹೊಸದಾಗಿ ಶುರು ಮಾಡುವುದೊಂದೇ ದಾರಿ.

ಹನ್ನೆರಡು ವಿಚಿತ್ರ ಅಕ್ಷರ. ಅವುಗಳಲ್ಲಿ ತಲೆಯ ಮೇಲೆ ಓರೆಗೀಟು ಹೊತ್ತ ಚಿಕ್ಕಕ್ಷರದ ಇಂಗ್ಲಿಷ್ ಎ, ಅದರ ಬೆನ್ನಿಗೇ ವರ್ಗ ಅಥವಾ ಘನದ ಗುರುತಿನಂತೆ ಮೇಲೇರಿದ ಪುಟ್ಟ ಎರಡು ಅಥವಾ ಮೂರು ಪದೇ ಪದೇ ಕಾಣುತ್ತವೆ. ಸರಿಯಾದ ಯುಟಿಎಫ್-8 ಬೈಟುಗಳನ್ನು ಯಾರೋ ವಿಂಡೋಸ್-1252 ಎಂಬ, ಇಂಗ್ಲಿಷಿನಂತಹ ಭಾಷೆಗಳಿಗೆ ಮಾಡಿದ ಹಳೆಯ ಎನ್‌ಕೋಡಿಂಗ್ ಎಂದು ಓದಿದ್ದಾರೆ. ಕನ್ನಡದ ಎಲ್ಲ ಸಂಕೇತಗಳೂ ಒಂದೇ ಮೊದಲ ಬೈಟಿನಿಂದ ಶುರುವಾಗುವುದರಿಂದ ಆ ಎ ಮತ್ತೆ ಮತ್ತೆ ಬರುತ್ತದೆ. ಇದು ಒಳ್ಳೆಯ ಲಕ್ಷಣ. ಯಾರೂ ಉಳಿಸಿಲ್ಲವಾದರೆ ಮೂಲ ಭದ್ರವಾಗಿದೆ.

ಇನ್ನೂ ಉದ್ದದ ಗೊಜಲು, ದೊಡ್ಡಕ್ಷರದ ಎ ಮೇಲೆ ಅಲೆಗೀಟು ಅಥವಾ ಟೋಪಿ. ಮೇಲಿನ ತಪ್ಪನ್ನು ಮಾಡಿ, ಉಳಿಸಿ, ಮತ್ತೊಮ್ಮೆ ಮಾಡಿದ್ದಾರೆ. ಇದು ಎರಡು ಪದರದ ಕೆಡುಕು. ಏಳನೆಯ ಹಂತ ನೋಡಿ.

ದೊಡ್ಡಕ್ಷರದ ಎ ಮೇಲೆ ಓರೆಗೀಟು, ನಡುನಡುವೆ ಪಿ, ಕ್ಯು, ಪೌಂಡ್ ಹಣದ ಚಿಹ್ನೆ. ಇಲ್ಲಿ ಎನ್‌ಕೋಡಿಂಗ್ ತಪ್ಪಿಲ್ಲ. ಪಠ್ಯ ನುಡಿಯ ಹಳೆಯ ಫಾಂಟಿನದ್ದು. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿವೆ. ವರ್ಡ್‌ನಿಂದ ತಾಣಕ್ಕೆ ಅಂಟಿಸಿದೊಡನೆ ಫಾಂಟು ಕಳಚಿ ಇಂಗ್ಲಿಷ್ ಬಯಲಾಗುತ್ತದೆ. ನಾಲ್ಕನೆಯ ಹಂತಕ್ಕೆ ಹೋಗಿ. ಚಿಕ್ಕಕ್ಷರದ ಎಯೋ ದೊಡ್ಡಕ್ಷರದ್ದೋ ಎಂದು ನೋಡದೆ ಪರಿವರ್ತಕಕ್ಕೆ ಹಾಕುವುದರಿಂದಲೇ ಅರ್ಧ ಕೆಲಸ ಹಾಳಾಗುವುದು.

ಖಾಲಿ ಚೌಕಗಳು. ಇದೊಂದು ಮಾತ್ರ ಫಾಂಟಿನ ಸಮಸ್ಯೆ. ಬೇರೊಂದು ಮೊಬೈಲಿನಲ್ಲಿ ಅದೇ ಪುಟ ತೆರೆಯಿರಿ. ಅಲ್ಲಿ ಸರಿಯಿದ್ದರೆ ಈ ಯಂತ್ರಕ್ಕೆ ನೋಟೋ ಸಾನ್ಸ್ ಕನ್ನಡದಂತಹ ಯೂನಿಕೋಡ್ ಫಾಂಟು ಹಾಕಿ, ಮುಗಿಯಿತು.

ಕಪ್ಪು ವಜ್ರಾಕೃತಿಯೊಳಗೆ ಪ್ರಶ್ನಾರ್ಥಕ ಚಿಹ್ನೆ. ಯುಟಿಎಫ್-8 ಎಂದು ಓದಲು ಹೊರಟಾಗ ಬೈಟುಗಳು ಹೊಂದಲಿಲ್ಲ ಎಂದರ್ಥ. ಸಾಲಿನ ಕೊನೆಯಲ್ಲಿ ಒಂದೇ ಒಂದು ಇದ್ದರೆ ಮೂರು ಬೈಟಿನ ನಡುವೆ ಪಠ್ಯ ತುಂಡಾಗಿದೆ. ಮಳೆಗಾಲದಲ್ಲಿ ಸಕಲೇಶಪುರ, ಮೂಡಿಗೆರೆ ಕಡೆ ಕರೆಂಟು ಹೋಗಿ ಅರ್ಧಕ್ಕೆ ನಿಂತ ಫೈಲುಗಳಲ್ಲಿ ಇದು ಕಾಣಬಹುದು. ಫೈಲಿನ ಗಾತ್ರವನ್ನು ಮೂಲದೊಂದಿಗೆ ಹೋಲಿಸಿ ನೋಡಿ.

## ಹಂತ 3: ಯಾವ ಕೈಯಲ್ಲಿ ಕೆಟ್ಟಿತು

ಒಂದು ಹೆಸರು ಕಚೇರಿಯ ವರ್ಡ್‌ನಿಂದ ಎಕ್ಸೆಲ್‌ಗೆ, ಅಲ್ಲಿಂದ ಸಿಎಸ್‌ವಿ ಎಂಬ, ಅಲ್ಪವಿರಾಮದಿಂದ ಕಾಲಂ ಬೇರ್ಪಡಿಸಿದ ಸರಳ ಪಠ್ಯದ ಫೈಲಿಗೆ, ಅಲ್ಲಿಂದ ಮೂಡಲ್‌ಗೆ, ಅಲ್ಲಿಂದ ಡೇಟಾಬೇಸ್‌ಗೆ, ಕೊನೆಗೆ ಪ್ರಮಾಣಪತ್ರಕ್ಕೆ ಹೋಗುತ್ತದೆ. ಕೆಡುವುದು ಇವುಗಳಲ್ಲಿ ಯಾವುದೋ ಒಂದು ದಾಟಿನಲ್ಲಿ.

ಮೊದಲು ಪರೀಕ್ಷಾ ಸಾಲನ್ನು ತಾಣದಲ್ಲೇ, ಒಂದು ಪ್ರಯೋಗದ ಕೋರ್ಸಿನಲ್ಲಿ, ಕೈಯಾರೆ ಟೈಪ್ ಮಾಡಿ ಉಳಿಸಿ. ಪುಟವನ್ನು ಮತ್ತೆ ತೆರೆದಾಗಲೂ ಸರಿಯಿದ್ದರೆ ತಾಣ ಮತ್ತು ಡೇಟಾಬೇಸ್ ನಿರಪರಾಧಿಗಳು. ತಪ್ಪು ನಿಮ್ಮ ಫೈಲಿನಲ್ಲಿದೆ. ನಾಲ್ಕು, ಐದು, ಆರನೆಯ ಹಂತಗಳು ಸಾಕು. ಕೈಯಾರೆ ಬರೆದದ್ದೂ ಕೆಟ್ಟರೆ ನೇರವಾಗಿ ಏಳಕ್ಕೆ ಹೋಗಿ. ಈ ಪರೀಕ್ಷೆಯನ್ನು ಬಿಟ್ಟು ಸರ್ವರಿನವರಿಗೆ ದೂರು ಬರೆಯುವುದು ಅವರ ಸಮಯವನ್ನೂ ನಿಮ್ಮ ಮಾನವನ್ನೂ ಕಳೆಯುವ ಕೆಲಸ.

## ಹಂತ 4: ನುಡಿ ಫೈಲನ್ನು ಯೂನಿಕೋಡ್‌ಗೆ ತರುವುದು

ಫೈಲು ಯಾವ ತಂತ್ರಾಂಶದ್ದು ಎಂದು ಮೊದಲು ಖಚಿತಪಡಿಸಿಕೊಳ್ಳಿ. ವರ್ಡ್‌ನಲ್ಲಿ ಪಠ್ಯದ ಮೇಲೆ ಕ್ಲಿಕ್ ಮಾಡಿದರೆ ಫಾಂಟಿನ ಹೆಸರು ತೋರುತ್ತದೆ. ಶ್ರೀಲಿಪಿ ಎಂಬ ಇನ್ನೊಂದು ತಂತ್ರಾಂಶದ ಅಕ್ಷರ ಜೋಡಣೆ ಬೇರೆ. ಅದಕ್ಕೆ ನುಡಿಯ ಪರಿವರ್ತಕ ಹಾಕಿದರೆ ಗೊಜಲಿನ ಮೇಲೆ ಇನ್ನೊಂದು ಗೊಜಲು.

ಪರಿವರ್ತಿಸುವ ಮುನ್ನ ಪಠ್ಯದಲ್ಲಿರುವ ಇಂಗ್ಲಿಷ್ ಪದಗಳನ್ನು ಬೇರ್ಪಡಿಸಿ. ಪರಿವರ್ತಕಕ್ಕೆ ಇಂಗ್ಲಿಷ್ ಅಕ್ಷರ ಯಾವುದು, ನುಡಿಯ ತುಂಡು ಯಾವುದು ಎಂಬ ಭೇದ ತಿಳಿಯದು. ಅಂಟಿಸಿದ ಸರಳ ಪಠ್ಯದಲ್ಲಿದ್ದ ಇಮೇಲ್ ವಿಳಾಸ, ಬಳಕೆದಾರ ಹೆಸರು, ರಾಸಾಯನಿಕ ಸೂತ್ರ ಎಲ್ಲವನ್ನೂ ಅದು ಅರ್ಥವಿಲ್ಲದ ಕನ್ನಡವಾಗಿಸುತ್ತದೆ. ವಿದ್ಯಾರ್ಥಿ ಪಟ್ಟಿಯಾದರೆ ಹೆಸರಿನ ಕಾಲಂ ಮಾತ್ರ ಪ್ರತ್ಯೇಕಿಸಿ ಪರಿವರ್ತಿಸಿ, ಉಳಿದವನ್ನು ಮುಟ್ಟಬೇಡಿ.

ಪರಿವರ್ತನೆ ಆದ ಮೇಲೆ ಅರ್ಕಾವತ್ತಿನ ಪದಗಳನ್ನು ಮೊದಲು ನೋಡಿ. ನುಡಿಯಲ್ಲಿ ‘ಕರ್ನಾಟಕ’ ಬರೆದಾಗ ಅರ್ಕಾವತ್ತಿನ ಗುರುತು ‘ನಾ’ದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಅದಕ್ಕಿಂತ ಮೊದಲು ಬರಬೇಕು. ಪರಿವರ್ತಕ ಈ ಹಿಂದುಮುಂದನ್ನು ಸರಿಪಡಿಸದಿದ್ದರೆ ಸೂರ್ಯ, ಕೀರ್ತಿ, ಅರ್ಪಿತಾ ಮುಂತಾದ ಹೆಸರುಗಳು ಕೆಡುತ್ತವೆ. ಆಮೇಲೆ ಎರಡು ಒತ್ತಕ್ಷರ ಒಟ್ಟಿಗೆ ಬರುವ ‘ರಾಷ್ಟ್ರ’, ‘ಶಾಸ್ತ್ರಿ’ ನೋಡಿ. ಇವೆರಡೂ ಸರಿಯಿದ್ದರೆ ಉಳಿದದ್ದರ ಬಗ್ಗೆ ಹೆಚ್ಚು ಚಿಂತೆ ಬೇಡ.

ನುಡಿಯಲ್ಲಿ ಮಾಡಿದ ಪಿಡಿಎಫ್ ಮಾತ್ರ ಕೈಯಲ್ಲಿದ್ದರೆ ಅದರಿಂದ ನಕಲಿಸಿ ಪರಿವರ್ತಿಸುವ ಹಟ ಬೇಡ. ಒಂದೆರಡು ಪುಟವಾದರೆ ಹೊಸದಾಗಿ ಟೈಪ್ ಮಾಡುವುದೇ ಬೇಗ ಮುಗಿಯುತ್ತದೆ.

## ಹಂತ 5: ಸಿಎಸ್‌ವಿ

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಇಲ್ಲಿ. ಸಿಎಸ್‌ವಿ ಫೈಲು ತನ್ನ ಎನ್‌ಕೋಡಿಂಗ್ ಏನೆಂದು ತಾನೇ ಹೇಳುವುದಿಲ್ಲ. ತೆರೆಯುವ ತಂತ್ರಾಂಶ ಊಹಿಸುತ್ತದೆ.

ಎಕ್ಸೆಲ್‌ನ ‘ಸೇವ್ ಆ್ಯಸ್’ ಪಟ್ಟಿಯಲ್ಲಿ ಸಿಎಸ್‌ವಿ ಎಂಬ ಹೆಸರು ಒಂದಕ್ಕಿಂತ ಹೆಚ್ಚು ಕಡೆ ಇದೆ. ಬರೀ ‘ಸಿಎಸ್‌ವಿ’ ಆರಿಸಿದರೆ ವಿಂಡೋಸ್‌ನ ಹಳೆಯ ಎನ್‌ಕೋಡಿಂಗ್‌ನಲ್ಲಿ ಉಳಿಯುತ್ತದೆ, ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ. ‘ಸಿಎಸ್‌ವಿ ಯುಟಿಎಫ್-8’ ಎಂಬುದನ್ನು ಆರಿಸಬೇಕು. ಬರೀ ಸಿಎಸ್‌ವಿಯ ಅಪಾಯವೆಂದರೆ, ಹಾಗೆ ಉಳಿಸಿದ ಮೇಲೂ ಎಕ್ಸೆಲ್ ಮುಚ್ಚುವವರೆಗೆ ಪರದೆಯ ಮೇಲೆ ಕನ್ನಡ ಸರಿಯಾಗಿಯೇ ಕಾಣುತ್ತಿರುತ್ತದೆ. ಕೆಟ್ಟದ್ದು ಗೊತ್ತಾಗುವುದು ಫೈಲನ್ನು ಮತ್ತೆ ತೆರೆದಾಗ.

ನಿಮ್ಮ ಎಕ್ಸೆಲ್ ಹಳೆಯದಾಗಿದ್ದು ಆ ಆಯ್ಕೆಯೇ ಇಲ್ಲದಿದ್ದರೆ ಪಟ್ಟಿಯನ್ನು ಗೂಗಲ್ ಶೀಟ್ಸ್‌ಗೆ ಹಾಕಿ ಸಿಎಸ್‌ವಿಯಾಗಿ ಇಳಿಸಿಕೊಳ್ಳಿ. ಅದು ಯುಟಿಎಫ್-8ರಲ್ಲೇ ಬರುತ್ತದೆ. ಲಿಬ್ರೆ ಆಫೀಸ್ ಕ್ಯಾಲ್ಕ್‌ನಲ್ಲಿ ಉಳಿಸುವಾಗ ‘ಎಡಿಟ್ ಫಿಲ್ಟರ್ ಸೆಟ್ಟಿಂಗ್ಸ್’ ಗುರುತು ಹಾಕಿದರೆ ಎನ್‌ಕೋಡಿಂಗ್ ಆರಿಸಲು ಕೇಳುತ್ತದೆ. ನನ್ನ ಮಟ್ಟಿಗೆ ಕ್ಯಾಲ್ಕ್ ಹೆಚ್ಚು ಪ್ರಾಮಾಣಿಕ: ಊಹಿಸುವ ಬದಲು ಕೇಳುತ್ತದೆ.

ಇಳಿಸಿದ ಫೈಲನ್ನು ಎಕ್ಸೆಲ್‌ನಲ್ಲಿ ಎರಡು ಬಾರಿ ಕ್ಲಿಕ್ ಮಾಡಿ ತೆರೆಯಬೇಡಿ. ನೋಡಲೇಬೇಕಿದ್ದರೆ ಖಾಲಿ ಹಾಳೆ ತೆರೆದು, ‘ಡೇಟಾ’ ಮೆನುವಿನಲ್ಲಿ ಪಠ್ಯ ಅಥವಾ ಸಿಎಸ್‌ವಿಯಿಂದ ಎಂಬ ಆಯ್ಕೆಗೆ ಹೋಗಿ, ಫೈಲಿನ ಮೂಲ ಎಂದು ಕೇಳುವಲ್ಲಿ 65001 ಯೂನಿಕೋಡ್ ಯುಟಿಎಫ್-8 ಆರಿಸಿ.

ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ಪರಿಶೀಲಿಸುವವರು ಎನ್‌ಕೋಡಿಂಗ್ ಮೆನುವಿನ ಎರಡು ಗುಂಪುಗಳನ್ನು ಬೆರೆಸಬೇಡಿ. ಮೇಲಿನ ಗುಂಪು ಇರುವ ಬೈಟುಗಳನ್ನು ಹೇಗೆ ಓದಬೇಕು ಎಂದಷ್ಟೇ ಬದಲಿಸುತ್ತದೆ. ‘ಕನ್ವರ್ಟ್’ ಎಂದು ಶುರುವಾಗುವ ಕೆಳಗಿನ ಗುಂಪು ಬೈಟುಗಳನ್ನೇ ಬದಲಿಸುತ್ತದೆ. ಗೊಜಲು ಕಂಡಾಗ ಮೊದಲು ಮೇಲಿನದರಲ್ಲಿ ಯುಟಿಎಫ್-8 ಆರಿಸಿ ನೋಡಿ. ಕನ್ನಡ ಮೂಡಿದರೆ ಫೈಲು ಸರಿಯಿದೆ. ಗೊಜಲು ಕಾಣುತ್ತಿರುವಾಗಲೇ ‘ಕನ್ವರ್ಟ್’ ಒತ್ತಿದರೆ ಗೊಜಲನ್ನೇ ಯುಟಿಎಫ್-8ರಲ್ಲಿ ಅಚ್ಚೊತ್ತಿದಂತೆ. ಎರಡು ಪದರದ ಕೆಡುಕು ಹುಟ್ಟುವುದು ಹೀಗೆ.

ಇನ್ನು ಏರಿಸುವುದು. ಮೂಡಲ್‌ನ ‘ಅಪ್‌ಲೋಡ್ ಯೂಸರ್ಸ್’ ಪುಟದಲ್ಲಿ ಎನ್‌ಕೋಡಿಂಗ್ ಪೆಟ್ಟಿಗೆ ಯುಟಿಎಫ್-8 ಎಂದೇ ಇರಲಿ. ನಂತರದ ಪೂರ್ವವೀಕ್ಷಣೆಯ ಸಾಲುಗಳಲ್ಲಿ ಕನ್ನಡ ಹೆಸರುಗಳನ್ನು ಒಂದೊಂದಾಗಿ ಓದಿ. ಇಲ್ಲಿ ಕೆಟ್ಟಿದ್ದರೆ ಹಿಂದಕ್ಕೆ ಬನ್ನಿ. ಮುಂದಕ್ಕೆ ಹೋದರೆ ಸರಿಯಾಗುವುದಿಲ್ಲ. ಬಳಕೆದಾರ ಹೆಸರಿನ ಕಾಲಂ ಇಂಗ್ಲಿಷ್ ಚಿಕ್ಕಕ್ಷರಗಳಲ್ಲೇ ಇರಲಿ, ಕನ್ನಡ ಹೆಸರು ಮತ್ತು ಊರಿನ ಕಾಲಂಗಳಲ್ಲಿ ಮಾತ್ರ ಇರಲಿ.

ಎಲ್ಲ ಸರಿಯಿದ್ದೂ ಮೊದಲ ಕಾಲಮ್ಮಿನ ಶೀರ್ಷಿಕೆ ಗುರುತಿಸಲಾಗಲಿಲ್ಲ ಎಂದು ಕೆಲವು ವೇದಿಕೆಗಳು ತಕರಾರು ಮಾಡುತ್ತವೆ. ಎಕ್ಸೆಲ್ ಯುಟಿಎಫ್-8 ಫೈಲಿನ ತಲೆಗೆ ಬಾಮ್ ಎಂಬ ಕಾಣದ ಮೂರು ಬೈಟು ಸೇರಿಸುತ್ತದೆ, ಅದು ಶೀರ್ಷಿಕೆಗೆ ಅಂಟಿಕೊಂಡಿರುತ್ತದೆ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ಬಾಮ್ ಇಲ್ಲದ ಯುಟಿಎಫ್-8ಕ್ಕೆ ಬದಲಿಸಿ ಉಳಿಸಿದರೆ ಹೋಗುತ್ತದೆ.

## ಹಂತ 6: ಪ್ರಶ್ನೆಕೋಶ ಮತ್ತು ಒಂದೇ ರೀತಿ ಕಾಣುವ ಉತ್ತರಗಳು

ಐಕೆನ್ ಎಂಬ ಸರಳ ಪಠ್ಯದ ಬಹು ಆಯ್ಕೆ ಮಾದರಿಯಲ್ಲಿ ಪ್ರಶ್ನೆ ಏರಿಸುವವರು ಪ್ರಶ್ನೆ, ಆಯ್ಕೆಗಳ ಪಠ್ಯ ಕನ್ನಡದಲ್ಲಿ ಬರೆಯಬಹುದು. ಆದರೆ ಆಯ್ಕೆಯ ಗುರುತು ಮತ್ತು ಆನ್ಸರ್ ಎಂಬ ಪದ ಇಂಗ್ಲಿಷ್ ದೊಡ್ಡಕ್ಷರಗಳಲ್ಲೇ ಇರಬೇಕು. ‘ಅ’, ‘ಆ’ ಎಂದು ಗುರುತು ಹಾಕಿ ‘ಉತ್ತರ’ ಎಂದು ಬರೆದರೆ ಮೂಡಲ್ ಫೈಲನ್ನು ತಿರಸ್ಕರಿಸುತ್ತದೆ, ಅದನ್ನು ಎನ್‌ಕೋಡಿಂಗ್ ದೋಷವೆಂದು ತಿಳಿದು ಗಂಟೆಗಟ್ಟಲೆ ಹುಡುಕುವವರಿದ್ದಾರೆ.

ಕಿರು ಉತ್ತರದ ಪ್ರಶ್ನೆಯಲ್ಲಿ ತೊಂದರೆ ಬೇರೆ. ಈ ಎರಡು ಪದಗಳನ್ನು ನೋಡಿ:

ಶೃಂಗೇರಿ
ಶೃ೦ಗೇರಿ

ಮೊದಲನೆಯದರಲ್ಲಿ ಅನುಸ್ವಾರ, ಎರಡನೆಯದರಲ್ಲಿ ಕನ್ನಡದ ಸೊನ್ನೆ. ಕಣ್ಣಿಗೆ ಸಿಕ್ಕೀತೋ ಇಲ್ಲವೋ, ಕಂಪ್ಯೂಟರಿಗೆ ಇವು ಬೇರೆ ಪದಗಳು. ಶಿಕ್ಷಕರ ಉತ್ತರದಲ್ಲೇ ಸೊನ್ನೆ ಸೇರಿದ್ದರೆ ಸರಿಯಾಗಿ ಬರೆದ ಇಡೀ ತರಗತಿಗೆ ಅಂಕ ಹೋಗುತ್ತದೆ. ಪ್ರಶ್ನೆಕೋಶದ ಫೈಲಿನಲ್ಲಿ ಕನ್ನಡ ಸೊನ್ನೆಯನ್ನು ಹುಡುಕಿ, ಅದರ ಎಡಬಲದಲ್ಲಿ ಅಕ್ಷರವಿದ್ದರೆ ಅನುಸ್ವಾರಕ್ಕೆ ಬದಲಿಸಿ.

‘ಕೊಪ್ಪ’ದ ‘ಕೊ’ ಇನ್ನೊಂದು ಬಗೆಯದು. ಅದರ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊತ್ವದ ಎರಡು ತುಂಡುಗಳಾಗಿಯೂ ಬರೆಯಬಹುದು. ಸರ್ವರಿನಲ್ಲಿ ಮೂಡಲನ್ನು ನಡೆಸುವ ಪಿಎಚ್‌ಪಿ ಭಾಷೆಗೆ ‘ಇಂಟ್ಲ್’ ವಿಸ್ತರಣೆ ಇದ್ದರೆ ಮೂಡಲ್ ಕಿರು ಉತ್ತರಗಳನ್ನು ಹೋಲಿಸುವಾಗ ಇವೆರಡನ್ನೂ ಒಂದೇ ರೂಪಕ್ಕೆ ತರುತ್ತದೆ. ಆದರೆ ‘ಲ್ಯಾಪ್‌ಟಾಪ್’ ಪದದ ನಡುವಿನ ಕಾಣದ ಗುರುತನ್ನು ಅದು ತೆಗೆಯದು. ಅಂತಹ ಪದ ಉತ್ತರವಾಗಿದ್ದರೆ ಗುರುತು ಇರುವ ರೂಪ, ಇಲ್ಲದ ರೂಪ ಎರಡನ್ನೂ ಸರಿ ಉತ್ತರವೆಂದು ಸೇರಿಸಿ. ಸಂಖ್ಯೆಯ ಪ್ರಶ್ನೆಗೆ ಇಂಗ್ಲಿಷ್ ಅಂಕಿಯಲ್ಲೇ ಉತ್ತರಿಸಬೇಕೆಂದು ಪ್ರಶ್ನೆಯಲ್ಲೇ ಹೇಳಿಬಿಡಿ.

## ಹಂತ 7: ಡೇಟಾಬೇಸ್

ಇದನ್ನು ಮೂಲ ತಾಣದಲ್ಲಿ ಮಾಡಬೇಡಿ. ನಕಲಿನಲ್ಲಿ ಮಾಡಿ, ಪರೀಕ್ಷಿಸಿ, ಆಮೇಲೆ ಮೂಲಕ್ಕೆ. ಯುಪಿಎಸ್ ಇಲ್ಲದ ಯಂತ್ರದಲ್ಲಂತೂ ಬೇಡವೇ ಬೇಡ. ಕೋಷ್ಟಕ ಬದಲಾಗುತ್ತಿರುವಾಗ ಕರೆಂಟು ಹೋದರೆ ಕನ್ನಡದ ಜೊತೆ ಉಳಿದದ್ದೂ ಹೋದೀತು.

ಮೂಡಲ್ ಬಳಸುವ ಡೇಟಾಬೇಸ್ ತಂತ್ರಾಂಶಗಳಲ್ಲೊಂದಾದ ಮೈಎಸ್‌ಕ್ಯುಎಲ್‌ನಲ್ಲಿ ‘ಯುಟಿಎಫ್8’ ಎಂಬ ಹಳೆಯ ಹೆಸರಿನ ಎನ್‌ಕೋಡಿಂಗ್ ಮೂರು ಬೈಟಿನವರೆಗೆ ಮಾತ್ರ ಹಿಡಿಯುತ್ತದೆ. ಕನ್ನಡಕ್ಕೆ ಮೂರು ಸಾಕು, ಎಮೋಜಿಗೆ ನಾಲ್ಕು ಬೇಕು. ಪರೀಕ್ಷಾ ಸಾಲು ಎಮೋಜಿ ಇಲ್ಲದೆ ಉಳಿದು, ಎಮೋಜಿ ಸೇರಿಸಿದಾಗ ‘ಇನ್‌ಕರೆಕ್ಟ್ ಸ್ಟ್ರಿಂಗ್ ವ್ಯಾಲ್ಯೂ’ ಎಂಬ ದೋಷ ಬಂದರೆ ಕಾರಣ ಇದೇ. ‘ಯುಟಿಎಫ್8ಎಂಬಿ4’ಕ್ಕೆ ಬದಲಿಸಬೇಕು. ಮೂಡಲ್‌ನ ಅಡ್ಮಿನ್ ಫೋಲ್ಡರಿನೊಳಗಿನ ಸಿಎಲ್‌ಐ ಫೋಲ್ಡರಿನಲ್ಲಿ ಇದಕ್ಕೆಂದೇ ಮೈಎಸ್‌ಕ್ಯುಎಲ್ ಕೊಲೇಷನ್ ಎಂಬ ಸ್ಕ್ರಿಪ್ಟ್ ಇದೆ; ಕೈಯಾರೆ ಕೋಷ್ಟಕ ಬದಲಿಸುವುದಕ್ಕಿಂತ ಅದನ್ನೇ ಬಳಸಿ.

ತಾಣದಲ್ಲಿ ಕನ್ನಡ ಸರಿಯಾಗಿ ಕಾಣುತ್ತದೆ, ಡೇಟಾಬೇಸನ್ನು ನೇರವಾಗಿ ತೆರೆದರೆ ಗೊಜಲು ಎಂದಾದರೆ ಎಚ್ಚರ. ಕಾಲಮ್ಮಿನ ಹಣೆಪಟ್ಟಿ ಲ್ಯಾಟಿನ್-1 (ಮೈಎಸ್‌ಕ್ಯುಎಲ್‌ನಲ್ಲಿ ಇದು ಹೆಚ್ಚುಕಡಿಮೆ ವಿಂಡೋಸ್-1252ರದ್ದೇ ಇನ್ನೊಂದು ಹೆಸರು), ಒಳಗಿರುವುದು ಯುಟಿಎಫ್-8 ಬೈಟು. ಮೈಎಸ್‌ಕ್ಯುಎಲ್ 8.0ಕ್ಕಿಂತ ಹಿಂದೆ ಲ್ಯಾಟಿನ್-1 ಪೂರ್ವನಿಯೋಜಿತವಾಗಿದ್ದುದರಿಂದ ಹಳೆಯ ತಾಣಗಳಲ್ಲಿ ಇದು ಸಾಧ್ಯ. ಇಂತಹ ಕಾಲಮ್ಮನ್ನು ನೇರವಾಗಿ ಯುಟಿಎಫ್8ಎಂಬಿ4ಕ್ಕೆ ಬದಲಿಸಿದರೆ ಮೈಎಸ್‌ಕ್ಯುಎಲ್ ಹಣೆಪಟ್ಟಿಯನ್ನು ನಂಬಿ ಪ್ರತಿ ಬೈಟನ್ನೂ ಒಂದು ಅಕ್ಷರವೆಂದು ಪರಿವರ್ತಿಸುತ್ತದೆ. ಮೊದಲು ಕಾಲಮ್ಮನ್ನು ಬ್ಲಾಬ್, ಅಂದರೆ ಬರೀ ಬೈಟುಗಳ ಕಾಲಂ, ಮಾಡಿ, ಆಮೇಲೆ ಯುಟಿಎಫ್8ಎಂಬಿ4 ಪಠ್ಯವಾಗಿಸಿ. ಬ್ಲಾಬ್‌ಗೆ ಭಾಷೆಯ ಗೊಡವೆ ಇಲ್ಲ, ಬೈಟುಗಳು ಹಾಗೆಯೇ ಉಳಿಯುತ್ತವೆ. ಸಂಪರ್ಕದ ಎನ್‌ಕೋಡಿಂಗನ್ನೂ ಅದೇ ವೇಳೆಗೆ ಬದಲಿಸದಿದ್ದರೆ ಸರಿಯಾದ ಪಠ್ಯ ತಾಣದಲ್ಲಿ ತಪ್ಪಾಗಿ ಕಾಣಲು ಶುರುವಾಗುತ್ತದೆ.

ಆಗಲೇ ಎರಡು ಪದರ ಕೆಟ್ಟದ್ದನ್ನು ಬಿಡಿಸಲು ಪಠ್ಯವನ್ನು ಲ್ಯಾಟಿನ್-1ಕ್ಕೆ ಮರಳಿಸಿ, ಬೈನರಿ ಎಂದು ತೆಗೆದುಕೊಂಡು, ಯುಟಿಎಫ್8ಎಂಬಿ4 ಎಂದು ಓದಿಸಬೇಕು. ಮೊದಲು ಸೆಲೆಕ್ಟ್ ಆದೇಶದಲ್ಲಿ ಫಲಿತಾಂಶ ನೋಡಿ, ನಂತರವೇ ಅಪ್‌ಡೇಟ್. ಕೆಟ್ಟಿರದ ಸಾಲುಗಳಿಗೆ ಇದನ್ನು ಹಾಯಿಸಿದರೆ ಅವು ಕೆಡುತ್ತವೆ.

ಬಿಡಿಸಿದಾಗ ‘ಹಾಸನ’ ಸರಿಯಾಗಿ ಬಂದು ‘ಚಿಕ್ಕಮಗಳೂರು’ ಬಾರದಿದ್ದರೆ ಕಾರಣ ಒತ್ತಕ್ಷರ ಮತ್ತು ಕೊನೆಯ ಉತ್ವ. ಒತ್ತು ಮೂಡಿಸುವ ಹಲಂತದ ಮೂರನೆಯ ಬೈಟಿಗೆ ವಿಂಡೋಸ್-1252ರಲ್ಲಿ ಅಕ್ಷರವೇ ಇಲ್ಲ. ಉತ್ವದ ಚಿಹ್ನೆ, ಸ್ವರಗಳಾದ ಏ ಮತ್ತು ಐ, ವ್ಯಂಜನ ಝ ಇವುಗಳದ್ದೂ ಇದೇ ಪಾಡು. ನಡುವೆ ಯಾವುದೋ ತಂತ್ರಾಂಶ ಆ ಬೈಟನ್ನು ನುಂಗಿದ್ದರೆ ಒತ್ತಕ್ಷರಗಳು, ಉತ್ವಗಳು ಹಿಂದಿರುಗುವುದಿಲ್ಲ. ಅರ್ಧ ಬಂದಿತಲ್ಲ ಎಂದು ಆದೇಶ ತಿದ್ದುತ್ತಾ ಕೂರದೆ ಹಳೆಯ ಬ್ಯಾಕಪ್ ಹುಡುಕಿ. ಬ್ಯಾಕಪ್ ಮರುಸ್ಥಾಪಿಸುವಾಗಲೂ ಡಂಪ್ (ಡೇಟಾಬೇಸ್‌ನಿಂದ ಹೊರತೆಗೆದ ಪ್ರತಿ) ತೆಗೆದ ಎನ್‌ಕೋಡಿಂಗ್ ಮತ್ತು ತುಂಬುವ ಎನ್‌ಕೋಡಿಂಗ್ ಒಂದೇ ಇರಲಿ.

## ಹಂತ 8: ಫೈಲಿನ ಹೆಸರು, ಪ್ರಮಾಣಪತ್ರ

ಫೈಲುಗಳ ಹೆಸರನ್ನು ಇಂಗ್ಲಿಷ್ ಅಕ್ಷರ, ಅಂಕಿಗಳಲ್ಲೇ ಇಡಿ, ಶೀರ್ಷಿಕೆ ಕನ್ನಡದಲ್ಲಿರಲಿ. ಕನ್ನಡ ಹೆಸರಿನ ಫೈಲುಗಳನ್ನು ಜಿಪ್ ಮಾಡಿ ಬೇರೆ ಯಂತ್ರದಲ್ಲಿ ಬಿಚ್ಚಿದಾಗ ಹೆಸರುಗಳು ಕೆಡುವುದುಂಟು. ಕೊಂಡಿಯಲ್ಲಿ ಶೇಕಡಾ ಚಿಹ್ನೆಗಳ ಸಾಲು ಕಂಡರೆ ಗಾಬರಿ ಬೇಡ, ಕನ್ನಡವನ್ನು ಜಾಲವಿಳಾಸದಲ್ಲಿ ಬರೆಯುವ ಕ್ರಮವೇ ಅದು.

ಪ್ರಮಾಣಪತ್ರದ ಪಿಡಿಎಫ್‌ನಲ್ಲಿ ‘ಲಕ್ಷ್ಮಿ’ ಎಂಬ ಹೆಸರಿನ ಒತ್ತುಗಳು ಬಿಡಿಬಿಡಿಯಾಗಿ, ಹಲಂತದೊಂದಿಗೆ ಸಾಲಾಗಿ ನಿಂತಿದ್ದರೆ ಡೇಟಾಬೇಸ್ ಮುಟ್ಟಬೇಡಿ. ಮಾಹಿತಿ ಸರಿಯಿದೆ. ಮೂಡಲ್ ಪಿಡಿಎಫ್ ಮಾಡಲು ಬಳಸುವ ಟಿಸಿಪಿಡಿಎಫ್‌ಗೆ ಕನ್ನಡದ ಒತ್ತಕ್ಷರ ಜೋಡಿಸಲು ಬಾರದು, ಫಾಂಟು ಬದಲಿಸಿದರೂ ಬಾರದು. ಹೆಸರುಗಳನ್ನು ಸಿಎಸ್‌ವಿಯಾಗಿ ಹೊರತೆಗೆದು ಲಿಬ್ರೆ ಆಫೀಸ್‌ನ ಮೇಲ್ ಮರ್ಜ್‌ನಲ್ಲಿ ಪ್ರಮಾಣಪತ್ರ ಮಾಡಿ, ಅಥವಾ ಪ್ರಮಾಣಪತ್ರವನ್ನು ಸಾಮಾನ್ಯ ಪುಟವಾಗಿ ತೋರಿಸಿ ಬ್ರೌಸರಿನಿಂದಲೇ ಪಿಡಿಎಫ್ ಆಗಿ ಮುದ್ರಿಸಿ. ಎಲ್ಲರದ್ದನ್ನೂ ಮುದ್ರಣಕ್ಕೆ ಕಳುಹಿಸುವ ಮೊದಲು ಪಟ್ಟಿಯಲ್ಲಿ ಅತಿ ಹೆಚ್ಚು ಒತ್ತಕ್ಷರವಿರುವ ಹೆಸರು ಯಾವುದೆಂದು ಹುಡುಕಿ ಅದೊಂದನ್ನು ಕಾಗದದ ಮೇಲೆ ತೆಗೆದು ನೋಡಿ.